ನನ್ನ ಓಟು ಅಲನ್ ಪೇಜ್‌ಗೆ

ಅಮೆರಿಕನ್ ಫುಟ್‌ಬಾಲ್‌ನಲ್ಲಿ ಇದುವರೆಗಿನ ಅತ್ಯುತ್ತಮ ಡಿಫೆನ್ಸ್ ಆಟಗಾರ ಯಾರು ಅಂತ ಕೇಳಿದರೆ ಜಾಸ್ತಿ ಜನ ಲಾರೆನ್ಸ್ ಟೇಲರ್ ಅನ್ನುತ್ತಾರೆ. ಈಗಿನ ಹುಡುಗರು ಆರನ್ ಡೊನಾಲ್ಡ್ ಹೆಸರು ಹೇಳುತ್ತಾರೆ. ಇಬ್ಬರೂ ದೊಡ್ಡ ಆಟಗಾರರೇ, ಅದರಲ್ಲಿ ಎರಡು ಮಾತಿಲ್ಲ. ಆದರೂ ನನ್ನ ಓಟು ಅಲನ್ ಪೇಜ್‌ಗೆ. ಯಾಕೆ ಅಂತ ಬರೆಯುತ್ತೇನೆ. ಸ್ವಲ್ಪ ಉದ್ದ ಆಗುತ್ತೆ, ಪುರುಸೊತ್ತು ಮಾಡಿಕೊಂಡು ಓದಿ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಬಾಲ್ ಕೈಗೆ ತಗೊಂಡು ಎಸೆಯುವವನು ಕ್ವಾರ್ಟರ್‌ಬ್ಯಾಕ್. ಹೆಸರು, ದುಡ್ಡು, ಜಾಹೀರಾತು ಎಲ್ಲ ಅವನಿಗೇ. ಅವನನ್ನು ಕಾಯಲು ಮುಂದೆ ಐದು ಜನ ದಢೂತಿ ಆಳುಗಳು ಸಾಲಾಗಿ ನಿಂತಿರುತ್ತಾರೆ. ಆ ಸಾಲನ್ನು ನಟ್ಟನಡುವೆ ಸೀಳಿಕೊಂಡು ನುಗ್ಗುವುದು ಡಿಫೆನ್ಸಿವ್ ಟ್ಯಾಕಲ್ ಕೆಲಸ. ಕ್ವಾರ್ಟರ್‌ಬ್ಯಾಕ್ ಬಾಲ್ ಎಸೆಯುವ ಮೊದಲೇ ಅವನನ್ನು ಕೆಡವಿದರೆ ಅದು ಸ್ಯಾಕ್. ಕಬಡ್ಡಿಯಲ್ಲಿ ರೈಡರ್‌ಗೆ ಬೀಳುವಷ್ಟು ಚಪ್ಪಾಳೆ ಹಿಡಿಯುವವರಿಗೆ ಬೀಳಲ್ಲ ಅಲ್ವಾ, ಇಲ್ಲೂ ಹಾಗೇ. ಅಲ್ಲಿನ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನಲ್ಲಿ ವರ್ಷದ ಅತ್ಯುತ್ತಮ ಆಟಗಾರನಿಗೆ ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆ ಎಂವಿಪಿ ಪ್ರಶಸ್ತಿ ಕೊಡುತ್ತದೆ. ಡಿಫೆನ್ಸ್ ಆಟಗಾರನಿಗೆ ಅದು ಸಿಕ್ಕಿರುವುದು ಇದುವರೆಗೆ ಎರಡೇ ಸಲ. 1986ರಲ್ಲಿ ಟೇಲರ್‌ಗೆ. ಅದಕ್ಕೆ ಎಷ್ಟೋ ಮೊದಲು, 1971ರಲ್ಲಿ, ಪೇಜ್‌ಗೆ.

ಪೇಜ್ ಹುಟ್ಟಿದ್ದು 1945ರಲ್ಲಿ, ಒಹಾಯೊ ರಾಜ್ಯದ ಕ್ಯಾಂಟನ್‌ನಲ್ಲಿ. ಉಕ್ಕಿನ ಕಾರ್ಖಾನೆಗಳ ಊರು. ಅಲ್ಲಿನ ಕಪ್ಪು ಹುಡುಗರ ಮುಂದೆ ದೊಡ್ಡವರಾದ ಮೇಲೆ ಕಾಣುತ್ತಿದ್ದ ದಾರಿ ಆ ಕಾರ್ಖಾನೆಗಳೇ. ಆಟದ ದಿಗ್ಗಜರನ್ನು ಸೇರಿಸಿ ಗೌರವಿಸುವ ಪ್ರೊ ಫುಟ್‌ಬಾಲ್ ಹಾಲ್ ಆಫ್ ಫೇಮ್ ಇರುವುದೂ ಇದೇ ಊರಲ್ಲಿ. ಆ ಕಟ್ಟಡ ಏಳುತ್ತಿದ್ದಾಗ ಪೇಜ್ ಇನ್ನೂ ಹದಿಹರೆಯದ ಹುಡುಗ, ಅಲ್ಲಿ ಕಟ್ಟಡ ಕೆಲಸಕ್ಕೆ ಹೋಗುತ್ತಿದ್ದರು. 1988ರಲ್ಲಿ ಅದೇ ಹಾಲ್ ಅವರನ್ನು ಕರೆದು ಸನ್ಮಾನ ಮಾಡಿತು.

ನೋಟರ್ ಡೇಮ್ ವಿಶ್ವವಿದ್ಯಾಲಯದ ತಂಡದಲ್ಲಿ ಆಡಿ, 1967ರ ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವಾಗ, ಮಿನೆಸೋಟ ವೈಕಿಂಗ್ಸ್ ತಂಡಕ್ಕೆ ಬಂದರು. ಕಾರ್ಲ್ ಎಲ್ಲರ್, ಜಿಮ್ ಮಾರ್ಷಲ್, ಗ್ಯಾರಿ ಲಾರ್ಸನ್, ಜೊತೆಗೆ ಪೇಜ್. ನೇರಳೆ ಬಣ್ಣದ ಜೆರ್ಸಿ ತೊಟ್ಟ ಈ ನಾಲ್ವರನ್ನು ಜನ ‘ಪರ್ಪಲ್ ಪೀಪಲ್ ಈಟರ್ಸ್’ ಅಂತ ಕರೆದರು. ಕ್ವಾರ್ಟರ್‌ಬ್ಯಾಕ್ ಹತ್ತಿರ ಸಿಗೋಣ ಅನ್ನುವುದು ಅವರವರಲ್ಲೇ ಆಡಿಕೊಳ್ಳುತ್ತಿದ್ದ ಮಾತು. ಪೇಜ್ ಆಡುತ್ತಿದ್ದದ್ದು ಡಿಫೆನ್ಸಿವ್ ಟ್ಯಾಕಲ್ ಆಗಿ, ಆದರೆ ಆ ಜಾಗಕ್ಕೆ ತಕ್ಕ ತೂಕದ ಆಸಾಮಿಯೇ ಅಲ್ಲ. ಬಾಲ್ ಅಲುಗಿದ ಆ ಕ್ಷಣಕ್ಕೇ ಅವರು ಹೊರಟಿರುತ್ತಿದ್ದರು. ಎದುರಿನ ಭಾರಿ ಆಳು ಮೈ ನೆಟ್ಟಗೆ ಮಾಡಿಕೊಳ್ಳುವಷ್ಟರಲ್ಲಿ ಪೇಜ್ ಅವನನ್ನು ದಾಟಿ ಒಳಗೆ ಹೋಗಿ ಆಗಿರುತ್ತಿತ್ತು. ಸ್ಯಾಕ್ ಲೆಕ್ಕವನ್ನು ಲೀಗ್ ಅಧಿಕೃತವಾಗಿ ಇಡಲು ಶುರು ಮಾಡಿದ್ದೇ 1982ರಲ್ಲಿ, ಪೇಜ್ ನಿವೃತ್ತಿಯಾದ ಮೇಲೆ. ಹಾಗಾಗಿ ಲೀಗ್‌ನ ಅಧಿಕೃತ ಸ್ಯಾಕ್ ಪಟ್ಟಿಗಳಲ್ಲಿ ಅವರ ಹೆಸರೇ ಇರುವುದಿಲ್ಲ. ಇದು ನನಗೆ ನಿಜಕ್ಕೂ ಬೇಜಾರಿನ ಸಂಗತಿ. ಹಳೆಯ ಪಂದ್ಯಗಳನ್ನು ಕೂತು ನೋಡಿ ಲೆಕ್ಕ ಹಾಕಿದವರ ಪ್ರಕಾರ ಅವರ ಸ್ಯಾಕ್‌ಗಳು 148.5. ಎದುರಾಳಿ ಒದ್ದ ಬಾಲನ್ನು ತಡೆದದ್ದು 28 ಸಲ. ಲೀಗ್‌ನ 218 ಪಂದ್ಯಗಳನ್ನು ಒಂದೂ ಬಿಡದೆ ಆಡಿದರು. ಸೂಪರ್ ಬೌಲ್, ಅಂದರೆ ಲೀಗ್‌ನ ಫೈನಲ್, ನಾಲ್ಕು ಸಲ ಆಡಿದರು, ನಾಲ್ಕೂ ಸೋತರು.

ಇಷ್ಟಕ್ಕೇ ನಿಲ್ಲಿಸಿದರೆ ಅವರು ಹಲವು ದೊಡ್ಡ ಆಟಗಾರರಲ್ಲಿ ಒಬ್ಬರು, ಅಷ್ಟೇ. ನನಗೆ ಅವರು ಎಲ್ಲರಿಗಿಂತ ದೊಡ್ಡವರಾಗಿ ಕಾಣುವುದು 1971ರಲ್ಲಿ ಅಲ್ಲ, 1978ರಲ್ಲಿ.

ಚಿಕ್ಕಂದಿನಿಂದ ಅವರಿಗೆ ವಕೀಲರಾಗುವ ಆಸೆ. ವೈಕಿಂಗ್ಸ್ ಸೇರಿದ ಹೊಸದರಲ್ಲೇ ಒಂದು ಸಲ ಕಾನೂನು ಕಾಲೇಜಿಗೆ ಸೇರಿ, ಆಗಲ್ಲ ಅಂತ ಕೆಲವೇ ವಾರಗಳಲ್ಲಿ ಬಿಟ್ಟಿದ್ದರು. ಎಂವಿಪಿ ಆಗಿ, ಕೈತುಂಬ ಹೆಸರು ಬಂದ ಮೇಲೆ, ಮತ್ತೆ ಹೋಗಿ ಮಿನೆಸೋಟ ವಿಶ್ವವಿದ್ಯಾಲಯದ ಕಾನೂನು ಕಾಲೇಜು ಸೇರಿದರು. ಆಡುತ್ತಲೇ ಓದಿ 1978ರಲ್ಲಿ ಡಿಗ್ರಿ ತಗೊಂಡರು. ಇದೇ ಹೊತ್ತಿಗೆ ಓಟದ ಹುಚ್ಚೂ ಹಿಡಿಯಿತು. ಅವರ ಹೆಂಡತಿ ಡಯಾನ್ ಸಿಗರೇಟು ಬಿಡಬೇಕು ಅಂತ ಓಡಲು ಶುರು ಮಾಡಿದ್ದರು, ಜೊತೆಗೆ ಇವರೂ ಹೊರಟರು. ಮೈಲಿಗಟ್ಟಲೆ ಓಡಿ ಓಡಿ ತೂಕ ಇಳಿಯಿತು.

ಕೋಚ್ ಬಡ್ ಗ್ರಾಂಟ್‌ಗೆ ಇದು ಹಿಡಿಸಲಿಲ್ಲ. ಇಷ್ಟು ಕಡಿಮೆ ತೂಕದಲ್ಲಿ ಆ ಜಾಗದಲ್ಲಿ ಆಡಲು ಆಗಲ್ಲ ಅನ್ನುವುದು ಅವರ ವಾದ. ಸೀಸನ್ ನಡುವೆಯೇ ಪೇಜ್‌ರನ್ನು ತಂಡದಿಂದ ಬಿಟ್ಟರು. ಶಿಕಾಗೋ ಬೇರ್ಸ್ ತಂಡ ಅವರನ್ನು ತಗೊಂಡಿದ್ದು ವೇವರ್ ಶುಲ್ಕ, ಅಂದರೆ ಬೇರೆ ತಂಡ ಕೈಬಿಟ್ಟ ಆಟಗಾರನನ್ನು ಸೇರಿಸಿಕೊಳ್ಳುವ ಶುಲ್ಕ, 100 ಡಾಲರ್ ಕಟ್ಟಿ. ನೂರು ಡಾಲರ್! ಏಳು ವರ್ಷದ ಹಿಂದೆ ಇಡೀ ಲೀಗ್‌ಗೇ ಮೊದಲಿಗನಾಗಿದ್ದ ಆಟಗಾರನಿಗೆ. ಗ್ರಾಂಟ್ ದೊಡ್ಡ ಕೋಚ್, ಅವರ ಬಗ್ಗೆ ನನಗೆ ಗೌರವ ಇದೆ. ಆದರೆ ಈ ಲೆಕ್ಕ ಪೂರ್ತಿ ತಪ್ಪಿತು. ಪೇಜ್ ಶಿಕಾಗೋದಲ್ಲಿ ಮತ್ತೆ 58 ಪಂದ್ಯ ಆಡಿದರು, 40 ಸ್ಯಾಕ್ ಮಾಡಿದರು. ನಡುವೆ 1979ರಲ್ಲಿ ಪೂರ್ತಿ ಮ್ಯಾರಥಾನ್ ಓಡಿ ಮುಗಿಸಿದರು. ಎನ್‌ಎಫ್‌ಎಲ್‌ನಲ್ಲಿ ಆಡುತ್ತಿರುವಾಗಲೇ ಮ್ಯಾರಥಾನ್ ಮುಗಿಸಿದ ಮೊದಲ ಆಟಗಾರ ಅವರು.

ಈ ಆಟದಲ್ಲಿ ಆಟಗಾರನ ಮೈ ತಂಡದ ಸೊತ್ತು ಇದ್ದ ಹಾಗೆ. ಎಷ್ಟು ತಿನ್ನಬೇಕು, ಎಷ್ಟು ತೂಗಬೇಕು ಅನ್ನುವುದನ್ನೆಲ್ಲ ಬೇರೆಯವರು ಹೇಳುತ್ತಾರೆ. ನನ್ನ ಮೈ ನನ್ನದು, ನನ್ನ ತಲೆಗೆ ಬೇರೆ ಕೆಲಸವೂ ಇದೆ ಅಂತ ನಡೆದು ತೋರಿಸಲು ಎಷ್ಟು ಧೈರ್ಯ ಬೇಕು ಯೋಚಿಸಿ. ನೌಕರಿ ಹೋದರೂ ಅವರು ಓಟ ಬಿಡಲಿಲ್ಲ, ತೂಕ ಏರಿಸಿಕೊಳ್ಳಲೂ ಇಲ್ಲ.

ಆಮೇಲಿನದು ಹಲವರಿಗೆ ಗೊತ್ತಿರಬಹುದು. ವಕೀಲರಾದರು, ರಾಜ್ಯದ ಅಟಾರ್ನಿ ಜನರಲ್ ಕಚೇರಿಯಲ್ಲಿ ಕೆಲಸ ಮಾಡಿದರು. ಮಿನೆಸೋಟದಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಜಡ್ಜ್ ಹುದ್ದೆಗೂ ಚುನಾವಣೆ ನಡೆಯುತ್ತದೆ. ಪೇಜ್ ನಿಲ್ಲಲು ಹೊರಟಾಗ, ಆ ಸ್ಥಾನದಲ್ಲಿದ್ದ ಜಡ್ಜ್‌ರ ಅವಧಿಯನ್ನು ಗವರ್ನರ್ ವಿಸ್ತರಿಸಿ ಚುನಾವಣೆಯೇ ಇಲ್ಲದ ಹಾಗೆ ಮಾಡಿದರು. ಪೇಜ್ ಕೋರ್ಟಿಗೆ ಹೋಗಿ ಗೆದ್ದರು, ಆಮೇಲೆ 1992ರ ಚುನಾವಣೆಯಲ್ಲೂ ಗೆದ್ದರು. ಆ ಕೋರ್ಟಿನ ಮೊದಲ ಕಪ್ಪು ನ್ಯಾಯಮೂರ್ತಿ ಅವರೇ. ಅಲ್ಲಿನ ಕಾನೂನಿನಂತೆ 70ಕ್ಕೆ, 2015ರಲ್ಲಿ, ನಿವೃತ್ತರಾದರು.

ಹಾಲ್ ಆಫ್ ಫೇಮ್ ಸಮಾರಂಭದಲ್ಲಿ ತಮ್ಮನ್ನು ಪರಿಚಯಿಸಲು ಪೇಜ್ ಕರೆತಂದಿದ್ದು ಯಾವ ಕೋಚನ್ನೂ ಅಲ್ಲ, ಮಿನಿಯಾಪೋಲಿಸ್‌ನ ಒಂದು ಶಾಲೆಯ ಮುಖ್ಯೋಪಾಧ್ಯಾಯಿನಿಯನ್ನು. ಭಾಷಣದಲ್ಲೂ ಅವರು ಒತ್ತಿ ಹೇಳಿದ್ದು ಓದಿನ ಬಗ್ಗೆ. ಅದೇ ವರ್ಷ ಗಂಡ ಹೆಂಡತಿ ಸೇರಿ ಪೇಜ್ ಎಜುಕೇಶನ್ ಫೌಂಡೇಶನ್ ಶುರು ಮಾಡಿದರು. ಅಲ್ಲಿ ವಿದ್ಯಾರ್ಥಿವೇತನಕ್ಕೆ ಒಂದು ಷರತ್ತು ಇದೆ. ದುಡ್ಡು ತಗೊಂಡ ವಿದ್ಯಾರ್ಥಿಗಳು ತಮಗಿಂತ ಚಿಕ್ಕ ಮಕ್ಕಳಿಗೆ ಪಾಠ ಹೇಳಿಕೊಡಬೇಕು. ಈ ಷರತ್ತು ನನಗೆ ತುಂಬ ಇಷ್ಟ. ನಮ್ಮ ಟ್ರಸ್ಟುಗಳೂ ಇದನ್ನು ಮಾಡಿ ನೋಡಬಹುದು.

ಇನ್ನೊಂದು ವಿಷಯ. ಒಳ್ಳೆಯ ಗುಣಮಟ್ಟದ ಸರ್ಕಾರಿ ಶಿಕ್ಷಣ ಪ್ರತಿ ಮಗುವಿನ ಹಕ್ಕು ಅಂತ ಮಿನೆಸೋಟದ ಸಂವಿಧಾನದಲ್ಲೇ ಬರೆಯಬೇಕು ಅಂತ 2020ರಲ್ಲಿ ಪೇಜ್ ಪ್ರಸ್ತಾಪ ಇಟ್ಟರು. ಜೊತೆಗೆ ನಿಂತವರು ಅಮೆರಿಕದ ಕೇಂದ್ರ ಬ್ಯಾಂಕಿನ ಭಾಗವಾದ ಮಿನಿಯಾಪೋಲಿಸ್ ಫೆಡರಲ್ ರಿಸರ್ವ್ ಬ್ಯಾಂಕ್ ಅಧ್ಯಕ್ಷ ನೀಲ್ ಕಶ್ಕರಿ. ಹೆಸರಲ್ಲೇ ಕಾಶ್ಮೀರದ ಮೂಲ ಗೊತ್ತಾಗುತ್ತೆ. ಶಿಕ್ಷಕರ ಸಂಘವೇ ಅದನ್ನು ವಿರೋಧಿಸಿತು. ನಮ್ಮಲ್ಲಿ ಶಿಕ್ಷಣ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟ್ ಮೊದಲು ಹೇಳಿದ್ದು ಕರ್ನಾಟಕದ ಕ್ಯಾಪಿಟೇಶನ್ ಶುಲ್ಕದ ಮೇಲೆ ಬಂದ ಮೋಹಿನಿ ಜೈನ್ ಕೇಸಿನಲ್ಲಿ, ಪೇಜ್ ಜಡ್ಜ್ ಆಗಿ ಗೆದ್ದ ಅದೇ 1992ರಲ್ಲಿ. 2002ರಲ್ಲಿ ಅದು ಸಂವಿಧಾನದೊಳಗೂ ಬಂತು. ಹಾಗಾಗಿ ಅವರು ಕೇಳುತ್ತಿರುವುದು ದೊಡ್ಡ ಆಸೆ ಅಂತ ನನಗಂತೂ ಅನ್ನಿಸಲ್ಲ.

ಮಿನಿಯಾಪೋಲಿಸ್‌ನಲ್ಲಿ ಈಗ ಒಂದು ಶಾಲೆಗೆ ಜಸ್ಟಿಸ್ ಪೇಜ್ ಮಿಡ್ಲ್ ಸ್ಕೂಲ್ ಅಂತ ಹೆಸರಿದೆ. ಮೊದಲು ಅದಕ್ಕೆ ಇದ್ದದ್ದು ಮೂಲನಿವಾಸಿ ಡಕೋಟ ಜನರನ್ನು ಒಂದೋ ನಾಶ ಮಾಡಬೇಕು, ಇಲ್ಲ ಓಡಿಸಬೇಕು ಅಂದಿದ್ದ ಗವರ್ನರ್ ಹೆಸರು. ಬದಲಾಯಿಸಿ ಅಂತ ಹಟ ಹಿಡಿದವರು ಮಕ್ಕಳೇ. ಬೋ ಟೈ ಕಟ್ಟಿಕೊಂಡು ಪೇಜ್ ಶಾಲೆಗಳಿಗೆ ಹೋದರೆ ಮಕ್ಕಳ ಕಣ್ಣೆಲ್ಲ ಅವರ ಕಿರುಬೆರಳ ಮೇಲೆ. ಆಟದಲ್ಲಿ ಕೀಲು ತಪ್ಪಿ ಅದು ಪಕ್ಕಕ್ಕೆ ಕಟ್ಟಿಗೆ ಹಾಗೆ ಸೆಟೆದು ನಿಂತುಬಿಟ್ಟಿದೆ. ಮಗಳು ಕೇಮಿ ಜೊತೆ ಸೇರಿ ಅವರು ಆ ಬೆರಳ ಮೇಲೇ ಒಂದು ಮಕ್ಕಳ ಪುಸ್ತಕ ಬರೆದಿದ್ದಾರೆ.

ಆಟ ನೋಡಬೇಕು ಅನ್ನಿಸಿದರೆ 1971ರಲ್ಲಿ ಡೆಟ್ರಾಯಿಟ್ ಲಯನ್ಸ್ ವಿರುದ್ಧ ಆಡಿದ ಪಂದ್ಯದ ತುಣುಕು ಹುಡುಕಿ. ತಮಗೆ ಸರಿ ಕಾಣದ ಪೆನಾಲ್ಟಿಗಳನ್ನು ರೆಫರಿ ಕೊಟ್ಟ ಮೇಲೆ ಪೇಜ್ ಹೇಗೆ ಆಡಿದರು ಅಂತ ಅದರಲ್ಲಿದೆ. 88 ನಂಬರಿನ ಜೆರ್ಸಿ ಅವರದ್ದು.