ಕೇಬಲ್ ಇಲ್ಲ, ಹಸಿರು ದೀಪ ಇದೆ

ಶುಕ್ರವಾರ ಸಂಜೆ ಎಲೆಕ್ಟ್ರಿಕ್ ಕಾರಿನಲ್ಲಿ ಪುಣೆ ಬಿಟ್ಟು ಬೆಳಗಾವಿ, ಹುಬ್ಬಳ್ಳಿ ಕಡೆ ಹೊರಡುವ ನಮ್ಮ ಮಂದಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಾತ್ರಜ್ ದಾಟುವಷ್ಟರಲ್ಲಿ ನಾವು ಸುಸ್ತು, ಖಂಬಾಟಕಿ ಘಾಟ್ ಏರುವಷ್ಟರಲ್ಲಿ ಬ್ಯಾಟರಿ ಸುಸ್ತು. ಆ್ಯಪ್ ತೆರೆದರೆ ಮುಂದಿನ ಹೋಟೆಲಿನ ಎಸಿ (ಮನೆ ಕರೆಂಟಿನಂಥ, ನಿಧಾನದ) ಚಾರ್ಜರ್ ಹಸಿರು, 'ಲಭ್ಯ'. ಹೋಗಿ ನೋಡಿದರೆ ಡಬ್ಬಿ ಇದೆ, ದೀಪ ಇದೆ, ಗೇಣುದ್ದ ಕೇಬಲ್ ಜೋತಾಡುತ್ತಿದೆ. ಉಳಿದದ್ದನ್ನು ಯಾರೋ ಕತ್ತರಿಸಿಕೊಂಡು ಹೋಗಿದ್ದಾರೆ.

ಮಷಿನ್ ಸುಳ್ಳು ಹೇಳುತ್ತಿಲ್ಲ, ಪಾಪ. ಕೇಬಲಿನೊಳಗೆ ಕಂಟ್ರೋಲ್ ಪೈಲಟ್ ಎಂಬ ಸಣ್ಣ ತಂತಿ ಇರುತ್ತದೆ. ಕಾರು ಸಿಕ್ಕಿಸಿಲ್ಲದಾಗ ಅದರಲ್ಲಿ 12 ವೋಲ್ಟ್, ಸಿಕ್ಕಿಸಿದರೆ 9, ಚಾರ್ಜ್ ಆಗುವಾಗ 6. ತಂತಿ ಕತ್ತರಿಸಿದರೂ 12! ಅಂದರೆ ಚಾರ್ಜರಿನ ಪ್ರಕಾರ ಕೇಬಲ್ ಕಳವಾಗಿಲ್ಲ, ಗಿರಾಕಿ ಬಂದಿಲ್ಲ, ಅಷ್ಟೇ. ವೇಗದ ಡಿಸಿ ಚಾರ್ಜರಿನ ಗನ್ನಿನಲ್ಲಿ, ಅಂದರೆ ಕಾರಿಗೆ ಸಿಕ್ಕಿಸುವ ಪ್ಲಗ್ಗಿನಲ್ಲಿ, ಬಿಸಿ ಅಳೆಯುವ ಸೆನ್ಸರ್ ಇರುವುದರಿಂದ, ಅದರ ಸಂಪರ್ಕ ತಪ್ಪಿದಾಗ ಚಾರ್ಜರ್ ಎಷ್ಟೋ ಸಲ ಎರರ್ ತೋರಿಸಿ ಕೂಗಿಕೊಳ್ಳುತ್ತದೆ. ಬಡ ಎಸಿ ಚಾರ್ಜರ್ ಮಾತ್ರ ಕೈ ಕಳೆದುಕೊಂಡರೂ 'ಬರ್ರಿ, ಬರ್ರಿ' ಎಂದು ಹಸಿರಾಗಿ ನಗುತ್ತಲೇ ಇರುತ್ತದೆ.

ಇನ್ನು ಕಳ್ಳನ ಲೆಕ್ಕ. ಡಿಸಿ ಕೇಬಲಿಗೆ ಕೈ ಹಾಕಿದವನು ಸ್ವಲ್ಪ ಬುದ್ಧಿವಂತ: 50 ಚದರ ಮಿಲಿಮೀಟರ್ ದಪ್ಪದ ಎರಡು ತಂತಿ, 5 ಮೀಟರ್ ಉದ್ದ ಎಂದರೆ ಸುಮಾರು ನಾಲ್ಕೂವರೆ ಕಿಲೋ ತಾಮ್ರ. ಆದರೆ ಸೊಸೈಟಿ ಪಾರ್ಕಿಂಗಿಗೆ ನುಗ್ಗಿ 15 ಆಂಪ್ ಸಾಕೆಟ್ಟಿನ ಪೋರ್ಟಬಲ್ ಚಾರ್ಜರ್ ಕತ್ತರಿಸುವವನನ್ನು ಏನೆನ್ನಬೇಕು? ಎರಡೂವರೆ ಚದರ ಮಿಲಿಮೀಟರಿನ ಮೂರು ತಂತಿ, 5 ಮೀಟರ್: ಒಟ್ಟು 336 ಗ್ರಾಂ. ರಬ್ಬರ್ ಸುಟ್ಟು ತಂದ ಕರಿ ತಾಮ್ರಕ್ಕೆ ಭಂಗಾರಿನವನು (ಗುಜರಿಯವನು) ಕಡಿಮೆಯೇ ಕೊಡುತ್ತಾನೆ. ಕೆಲವು ನೂರು ರೂಪಾಯಿ ಹುಟ್ಟಿದರೆ ಹೆಚ್ಚು. ಒಂದು ಮಿಸಳ್, ಎರಡು ಚಹಾ, ಉಳಿದದ್ದು ಬೈಕಿನ ಪೆಟ್ರೋಲಿಗೆ. ನಮಗೆ ಹೊಸ ಚಾರ್ಜರಿನ ಬಿಲ್ಲು.

ಅದರಲ್ಲೂ ಎಲ್ಲಿ ಕತ್ತರಿಸುತ್ತಾನೆ ಎಂಬುದರ ಮೇಲೆ ಅವನ ಆಯುಷ್ಯ ನಿಂತಿದೆ. ಈ ಪೋರ್ಟಬಲ್ ಚಾರ್ಜರಿನ ಕೇಬಲಿನ ನಡುವೆ ಒಂದು ಕಂಟ್ರೋಲ್ ಡಬ್ಬಿ ಇರುತ್ತದೆ. ಕಾರಿಗೂ ಆ ಡಬ್ಬಿಗೂ ಮಧ್ಯೆ ಕತ್ತರಿಸಿದರೆ ಪೈಲಟ್ ತಂತಿ ಹೋದ ತಕ್ಷಣ ಡಬ್ಬಿಯೊಳಗಿನ ರಿಲೇ ಎಂಬ ಸ್ವಿಚ್ಚು ಕರೆಂಟ್ ಕಡಿಯುತ್ತದೆ. ಡಬ್ಬಿಗೂ ಗೋಡೆಗೂ ನಡುವೆ ಹಾಕಿದನೋ, ಅಲ್ಲಿ 230 ವೋಲ್ಟ್ ಕಾದಿರುತ್ತದೆ. ಕಟರಿನ ಬಾಯಿ ಸುಟ್ಟು ತೂತು ಬೀಳುತ್ತದೆ, ಎಂಸಿಬಿ ಟ್ರಿಪ್ ಆಗುತ್ತದೆ, ವಾಚ್‌ಮನ್ ಮಾಮಾ ಆಗ ಏಳುತ್ತಾನೆ.

ಉಪಾಯ? ಕೇಬಲ್ ಮೇಲೆ ಕಾರಿನ ಗಾಲಿ ಹತ್ತಿಸಿ ನಿಲ್ಲಿಸುವ ಪದ್ಧತಿ ಬೇಡ, ಒಳಗಿನ ಸಣ್ಣ ಪೈಲಟ್ ತಂತಿ ತುಂಡಾದೀತು. ಅಲಾಯ್ ವೀಲಿನ ಕಡ್ಡಿಗಳ ನಡುವೆ ತೂರಿಸಿ ಸೈಕಲ್ ಬೀಗ ಹಾಕುವವರೂ ಇದ್ದಾರೆ. ಬೆಳಗ್ಗೆ ಗನ್ ಕಿತ್ತು, ಬೀಗ ಮರೆತು, ಗಾಡಿ ಎತ್ತುವವರೂ ಅವರೇ. ಗನ್ ಸಿಕ್ಕಿಸಿದ್ದರೆ ಕಾರು ಕದಲುವುದಿಲ್ಲ. ವೀಲಿಗೆ ಸುತ್ತಿದ್ದು ಕಾರಿಗೇನು ಗೊತ್ತು? ಸಾಕೆಟ್ಟಿಗೆ ಬೀಗದ ಕಬ್ಬಿಣದ ಡಬ್ಬಿ, ಕೆಳಗೆ ಕೇಬಲ್ ಹೊರಬರಲು ಒಂದು ಗಂಡಿ, ಮೇಲೆ ಒಳ್ಳೆಯ ದೀಪ: ಇಷ್ಟಾದರೂ ಇರಲಿ. ಕಾರನ್ನು ಲಾಕ್ ಮಾಡಿ, ಗನ್ನೂ ಲಾಕ್ ಆಯಿತೇ ಎಂದು ಒಮ್ಮೆ ಎಳೆದು ನೋಡಿ. ಕೆಲವು ಕಾರುಗಳು ಚಾರ್ಜ್ ಮುಗಿದೊಡನೆ ಧಾರಾಳವಾಗಿ ಗನ್ ಬಿಟ್ಟುಕೊಡುತ್ತವೆ.

ಪೆಟ್ರೋಲ್ ಪಂಪಿನ ಪೈಪನ್ನು ಯಾರೂ ಕತ್ತರಿಸುವುದಿಲ್ಲ. ಅಲ್ಲಿ ರಾತ್ರಿ ಎರಡಕ್ಕೂ ನಿದ್ದೆಗಣ್ಣಿನ ಒಬ್ಬ ಹುಡುಗ 'ಝೀರೋ ನೋಡ್ರಿ ಸಾಹೇಬ್ರ' ಎನ್ನಲು ನಿಂತಿರುತ್ತಾನೆ. ಚಾರ್ಜರಿನ ಮುಂದೆ ಆ ಮಾತು ಹೇಳಲೂ ಯಾರಿಲ್ಲ.

ಇರುವುದು ಸಹಾಯವಾಣಿ. 'ಕೇಬಲ್ ಕತ್ತರಿಸಿದ್ದಾರೆ' ಎಂದರೆ ಅತ್ತ ಕಡೆಯಿಂದ ಬಹಳ ವಿನಯ: 'ಸರ್, ಗನ್ ಒಮ್ಮೆ ತೆಗೆದು ಮತ್ತೆ ಹಾಕಿ ನೋಡ್ತೀರಾ?' 'ಗನ್ನೇ ಇಲ್ಲಮ್ಮಾ.' 'ಸರ್, ನಮ್ಮ ಸಿಸ್ಟಮ್‌ನಲ್ಲಿ ಚಾರ್ಜರ್ ಸರಿಯಾಗೇ ಇದೆ. ನಿಮ್ಮ ಕಾರಿನ ಸಮಸ್ಯೆ ಇರಬಹುದು.'