ಡೋರಿಸ್ ಡೇ ಹುಟ್ಟಿದ್ದು 1924ರಲ್ಲಿ ಅಲ್ಲ

ಹಳೇ ಹಾಲಿವುಡ್ ನಟಿ, ಗಾಯಕಿ ಡೋರಿಸ್ ಡೇ ಹುಟ್ಟಿದ್ದು 1924ರಲ್ಲಿ ಅಂತ ಇನ್ನೂ ಹಂಚಿಕೊಳ್ಳುತ್ತಿದ್ದಾರೆ. ತಪ್ಪು. ಅವರು ಹುಟ್ಟಿದ್ದು 1922ರ ಏಪ್ರಿಲ್ 3ರಂದು, ಒಹಾಯೊ ರಾಜ್ಯದ ಸಿನ್ಸಿನಾಟಿಯಲ್ಲಿ. 2017ರಲ್ಲಿ ಸುದ್ದಿಸಂಸ್ಥೆ ಅಸೋಸಿಯೇಟೆಡ್ ಪ್ರೆಸ್‌ನವರು ಜನನ ಪ್ರಮಾಣಪತ್ರವನ್ನೇ ತೆಗೆಸಿ ನೋಡಿದಾಗ ಇದು ಖಚಿತವಾಯಿತು. ಚಿಕ್ಕ ವಯಸ್ಸಿನಲ್ಲಿ ಯಾವುದೋ ಆಡಿಷನ್ ಅರ್ಜಿಯಲ್ಲಿ ವಯಸ್ಸು ತಪ್ಪಾಗಿ ಬಿದ್ದು ಅದೇ ಉಳಿದುಕೊಂಡಿರಬಹುದು ಎಂದು ಅವರ ವಕ್ತಾರರು ಆಗ ಹೇಳಿದ್ದರು. ಹಾಗಾಗಿ ನಟಿಯರೆಲ್ಲ ವಯಸ್ಸು ಮುಚ್ಚಿಡುತ್ತಾರೆ ಅಂತ ಸುಮ್ನೆ ಆಡಿಕೊಳ್ಳುವುದು ಬೇಡ. 2019ರ ಮೇ 13ರಂದು ತೀರಿಕೊಂಡಾಗ ಅವರಿಗೆ 97 ವರ್ಷ.

ಇನ್ನು 'ಡೇ' ಗಂಡನ ಮನೆಯ ಹೆಸರೂ ಅಲ್ಲ, ತವರಿನದೂ ಅಲ್ಲ. ಹುಟ್ಟಿದಾಗ ಅವರು ಡೋರಿಸ್ ಕ್ಯಾಪಲ್‌ಹಾಫ್. ಅಪ್ಪ ವಿಲಿಯಂ ಸಂಗೀತದ ಮೇಷ್ಟ್ರು, ಅಮ್ಮ ಆಲ್ಮಾ. ಇಬ್ಬರದೂ ಜರ್ಮನ್ ಮೂಲದ ಮನೆತನ. ಅಷ್ಟುದ್ದದ ಹೆಸರು ಬೋರ್ಡಿಗೆ ಹಿಡಿಸೋದಿಲ್ಲ ಅಂತ ಬ್ಯಾಂಡ್ ನಡೆಸುತ್ತಿದ್ದ ಬಾರ್ನಿ ರ್‍ಯಾಪ್, ಡೋರಿಸ್ ಹಾಡುತ್ತಿದ್ದ ಒಂದು ಹಾಡಿನಿಂದಲೇ 'ಡೇ' ಎತ್ತಿ ಇಟ್ಟರು. ಆ ಹೆಸರು ಡೋರಿಸ್‌ಗೇ ಅಷ್ಟೇನೂ ಇಷ್ಟವಿರಲಿಲ್ಲ.

ಮಗ ಟೆರ್ರಿ ಮೆಲ್ಚರ್ ವಿಷಯದಲ್ಲೂ ಗೊಂದಲವಿದೆ. ಟೆರ್ರಿ ಅವರು ಡೋರಿಸ್‌ರ ಮೂರನೇ ಗಂಡ ಮಾರ್ಟಿನ್ ಮೆಲ್ಚರ್‌ಗೆ ಹುಟ್ಟಿದವರಲ್ಲ, ಮೊದಲ ಗಂಡ ಆಲ್ ಜಾರ್ಡನ್ ಅವರ ಮಗ. ಮಾರ್ಟಿನ್ ದತ್ತು ತೆಗೆದುಕೊಂಡಿದ್ದರಿಂದ ಆ ಹೆಸರು ಬಂತು, ಅಷ್ಟೇ.