ಟಿಡಿಎಸ್ ಮೀಟರಿಗೆ ಆರ್ಸೆನಿಕ್ ಕಾಣಲ್ಲ

ಲೋಟಕ್ಕೆ ಟಿಡಿಎಸ್ ಮೀಟರ್ (ನೀರಲ್ಲಿ ಕರಗಿದ ಲವಣ ಒಟ್ಟು ಎಷ್ಟು ಅಂತ ತೋರಿಸೋ ಕಡ್ಡಿ) ಅದ್ದಿ ‘ನೂರಾ ಐವತ್ತು ಬಂತು ನೋಡ್ರಿ, ನೀರು ಚಲೋ ಅದಾವ’ ಅಂದುಬಿಟ್ಟರೆ ಮಾತು ಮುಗಿಯಲ್ಲ. ಕುಡಿಯುವ ನೀರಲ್ಲಿ ಆರ್ಸೆನಿಕ್ ಅನ್ನೋ ವಿಷಕ್ಕೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಇಟ್ಟ ಮಿತಿ ಲೀಟರಿಗೆ 0.01 ಮಿಲಿಗ್ರಾಂ. ಆ ಮೀಟರು ಎಣಿಸೋದು ಇಡೀ ಮಿಲಿಗ್ರಾಂ ಲೆಕ್ಕದಲ್ಲಿ. ಮಿತಿಯ ಹತ್ತು ಪಟ್ಟು ವಿಷವಿದ್ದರೂ ಅಂಕಿ ಕದಲಲ್ಲ.

ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲ್ಲೂಕಿನವರು ಇದನ್ನ ಹಗುರಾಗಿ ತಗೊಬಾರದು. ಇಲ್ಲಿನ ಹಟ್ಟಿಯ ಚಿನ್ನದ ಅದಿರಿನ ಸಂಗಾತಿ ಆರ್ಸೆನೋಪೈರೈಟ್ ಅನ್ನೋ ಆರ್ಸೆನಿಕ್ ಇರುವ ಖನಿಜ (ಚಿನ್ನದ ಬೆನ್ನಿಗೆ ಪಾಷಾಣ!). ಅಂಥ ಬಂಡೆಯಲ್ಲಿ ಕೊರೆದ ಬೋರಿನ ನೀರಿಗೆ ಆರ್ಸೆನಿಕ್ ಇಳಿಯಬಹುದು. ಎಲ್ಲ ಬೋರಿಗೂ ಇಳಿಯಲ್ಲ, ಹಾಗಂತ ಪಕ್ಕದ ಬೋರಿನ ರಿಪೋರ್ಟು ನಮ್ಮ ಬೋರಿಗೆ ಆಗಲ್ಲ.

ಆರ್ಸೆನಿಕ್ ಡಿಎನ್‌ಎಯನ್ನ ನೇರವಾಗಿ ಕೆಡಿಸೋದಕ್ಕಿಂತ, ಕೆಟ್ಟದ್ದನ್ನ ಸರಿಮಾಡುವವರ ಕೈ ಕಟ್ಟೋದು ಹೆಚ್ಚು. ರಿಪೇರಿ ಮಾಡುವ ಪಾರ್ಪ್-1, ಎಕ್ಸ್‌ಪಿಎ ಪ್ರೋಟೀನುಗಳು ಸತುವಿನ ಆಸರೆಯಲ್ಲಿ ಆಕಾರ ಉಳಿಸಿಕೊಂಡಿರ್ತವೆ. ಆರ್ಸೆನಿಕ್ ಆ ಸತುವನ್ನ ಹೊರದಬ್ಬಿ ತಾನು ಕೂರುತ್ತೆ. ಆಮೇಲೆ ಬಿಸಿಲು, ಬೀಡಿ ಡಿಎನ್‌ಎಗೆ ಮಾಡಿದ ಗಾಯ ಹಾಗೇ ಉಳೀತದೆ. ಇನ್ನೊಂದು ಕಡೆ, ಯಕೃತ್ತು ಆರ್ಸೆನಿಕ್ಕಿಗೆ ಮಿಥೈಲ್ ಅನ್ನೋ ಇಂಗಾಲದ ತುಣುಕು ಅಂಟಿಸಿ ಮೂತ್ರಕ್ಕೆ ದಾಟಿಸುತ್ತೆ. ಈ ಕೆಲಸದ ನಡುವೆ ಹುಟ್ಟುವ ಒಂದು ರೂಪ ಮೂಲ ವಿಷಕ್ಕಿಂತಲೂ ಖಾರ. ಚರ್ಮ, ಶ್ವಾಸಕೋಶ, ಮೂತ್ರಕೋಶ, ಈ ಮೂರರ ಕ್ಯಾನ್ಸರಿಗೆ ಆರ್ಸೆನಿಕ್ ಕಾರಣ ಅನ್ನೋದು ಖಚಿತವಾಗಿದೆ.

‘ಇಷ್ಟ್ ವರ್ಷ ಕುಡದೀವಿ, ಏನಾಗ್ಯದ?’ ಅನ್ನೋರಿಗೆ ಚಿಲಿಯ ಆಂಟೊಫಗಾಸ್ಟಾ ಊರಿನ ಲೆಕ್ಕ: 1958ರಿಂದ 1970ರವರೆಗೆ ವಿಷದ ನೀರು, ಆಮೇಲೆ ಶುದ್ಧೀಕರಣ. ನೀರು ಸರಿಹೋಗಿ ದಶಕಗಳಾದರೂ ಶ್ವಾಸಕೋಶ, ಮೂತ್ರಕೋಶದ ಕ್ಯಾನ್ಸರ್ ಸಾವು ಏರಿಯೇ ಇದ್ದವು.

ಮೊದಲ ಸುಳಿವು ಚರ್ಮದಲ್ಲಿ, ಅಂಗೈ, ಅಂಗಾಲು, ಎದೆ-ಬೆನ್ನಲ್ಲಿ. ಗುದ್ದಲಿ ಹಿಡಿದ ಜಡ್ಡು ಹಿಡಿಕೆ ಒತ್ತುವ ಕಡೆ ಮಾತ್ರ. ಆರ್ಸೆನಿಕ್ಕಿನದು ಎರಡೂ ಅಂಗೈಗೆ ಜೋಳದ ಕಾಳು ಚೆಲ್ಲಿದ ಹಾಗೆ ಗಟ್ಟಿ ಗುಳ್ಳೆ, ಎದೆ-ಬೆನ್ನಿಗೆ ಮಳೆಹನಿಯಂಥ ಚುಕ್ಕೆ. ಚರ್ಮದ ಡಾಕ್ಟರಿಗೆ ತೋರಿಸಿ.

ಪರೀಕ್ಷೆಗೆ ನೀರು ಹಿಡಿಯುವಾಗ ಪಂಪು ಹತ್ತು ನಿಮಿಷ ಓಡಲಿ. ಬಾಟಲಿಗೆ ಲ್ಯಾಬಿನವರೇ ನೈಟ್ರಿಕ್ ಆಸಿಡ್ ಹಾಕಿಕೊಡಲಿ. ಇಲ್ಲವಾದರೆ ನೀರಿನ ಕಬ್ಬಿಣ ತಳಕ್ಕೆ ಕೂರುವಾಗ ಆರ್ಸೆನಿಕ್ಕನ್ನೂ ಎಳಕೊಂಡು ಹೋಗಿ ರಿಪೋರ್ಟು ಸುಳ್ಳೇ ಕಡಿಮೆ ಬರುತ್ತೆ.

ಕುದಿಸಿದರೆ ನೀರು ಆರಿ ವಿಷ ಇನ್ನಷ್ಟು ಗಟ್ಟಿಯಾಗುತ್ತೆ, ಅಷ್ಟೇ. ಆರ್‌ಓ ನಡೆಯುತ್ತೆ, ಆದರೆ ಬೋರಿನಲ್ಲಿ ಸಾಮಾನ್ಯವಾದ ಆರ್ಸೆನೈಟ್ ಅನ್ನೋ ಆರ್ಸೆನಿಕ್ ರೂಪಕ್ಕೆ ವಿದ್ಯುದಂಶ ಇಲ್ಲದ್ದರಿಂದ ಮೆಂಬ್ರೇನಿನಲ್ಲಿ (ಸೋಸುವ ಪೊರೆ) ಅದಷ್ಟು ನುಸುಳುತ್ತೆ. ಮೊದಲು ಕ್ಲೋರಿನ್ ಹಾಕಿ ಅದನ್ನ ವಿದ್ಯುದಂಶವಿರುವ ಆರ್ಸೆನೇಟ್ ಮಾಡಬೇಕು, ಮೆಂಬ್ರೇನ್ ಸುಡದಂತೆ ನಡುವೆ ಕಾರ್ಬನ್ ಫಿಲ್ಟರ್ ಇರಬೇಕು. ಘಟಕದಿಂದ ಹೊರಬಿಡುವ ಉಪ್ಪುನೀರಲ್ಲಿ ವಿಷ ಇನ್ನೂ ಗಟ್ಟಿ. ಅದನ್ನ ದನದ ತೊಟ್ಟಿಗೆ ಬಿಡಬೇಡಿ.